ಬಸ್ಸು ಹೊರಟ ಮೇಲೆ ಶುರುವಾಗುವ ಹಾಡು

ಈ ಹಾಡು ನಿಮಗೆ ಗೊತ್ತು. ಗೊತ್ತಿಲ್ಲ ಅನ್ನಬೇಡಿ! ಯಾವನೋ ಒಬ್ಬ ಸಪ್ಪೆ ಮೋರೆ ಹಾಕ್ಕೊಂಡು ಕೂತಿರ್ತಾನೆ. ಕ್ಯಾಮರಾ ಮೆಲ್ಲಗೆ ಅವನ ಮುಖದ ಹತ್ತಿರ ಹೋಗುತ್ತೆ. ಹಿಂದೆ ಎರಡು ಗಂಡುದನಿ ಒಂದೇ ಉಸಿರಿನಂತೆ ಹಾಡೋಕೆ ಶುರು ಮಾಡ್ತವೆ... ಮೊಬೈಲಿನಲ್ಲಿ ಇದನ್ನು ನೋಡಿ ನೀವೂ ನಕ್ಕಿದ್ದೀರಿ, ನಾನೂ ನಕ್ಕಿದ್ದೇನೆ. 2016ರಲ್ಲಿ ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್’ ಚಿತ್ರದ ಸಂದರ್ಶನವೊಂದರಲ್ಲಿ ನಟ ಬೆನ್ ಅಫ್ಲೆಕ್ ಪೆಚ್ಚಾಗಿ ಕೂತಿದ್ದ ದೃಶ್ಯಕ್ಕೆ ಯಾರೋ ಕಿಡಿಗೇಡಿ ಇದೇ ಹಾಡನ್ನು ಅಂಟಿಸಿ ಬಿಟ್ಟ. ಜಗತ್ತೆಲ್ಲ ನಕ್ಕಿತು.

ಹಾಡಿನ ಹೆಸರು ‘ದಿ ಸೌಂಡ್ ಆಫ್ ಸೈಲೆನ್ಸ್’. ಮೌನದ ಸದ್ದು ಅನ್ನಿ. ಹಾಡಿದವರು ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕೆಲ್. ನ್ಯೂಯಾರ್ಕಿನ ಕ್ವೀನ್ಸ್ ಕಡೆಯ ಹುಡುಗರು, ಸ್ಕೂಲಿನಿಂದ ಜೊತೆಗಾರರು. 1957ರಲ್ಲಿ, ಇನ್ನೂ ಮೀಸೆ ಚಿಗುರುವ ಹೊತ್ತಿಗೇ ಒಂದು ಪ್ಲೇಟು ಬಿಟ್ಟಿದ್ದರು. ಆಗ ಇಟ್ಟುಕೊಂಡಿದ್ದ ಹೆಸರೇನು ಅಂತೀರಾ? ಟಾಮ್ ಅಂಡ್ ಜೆರ್ರಿ! ನಗಬೇಡಿ, ನಿಜ.

ಸೈಮನ್ ಇಪ್ಪತ್ತು ದಾಟಿದ ಹೊಸತರಲ್ಲಿ ಬರೆದ ಹಾಡಿದು. ಬರೆಯೋಕೆ ಅವನು ಆರಿಸಿಕೊಂಡ ಜಾಗ ಮನೆಯ ಬಚ್ಚಲು. ದೀಪ ಆರಿಸಿ, ನಲ್ಲಿ ತಿರುಗಿಸಿ, ಬೀಳುವ ನೀರಿನ ಸದ್ದಿನ ಪಕ್ಕದಲ್ಲಿ ಗಿಟಾರು ಹಿಡಿದು ಕೂರ್ತಿದ್ದನಂತೆ. ಬಚ್ಚಲ ಗೋಡೆಯ ಟೈಲ್ಸ್ ದನಿಯನ್ನು ತಿರುಗಿ ಕೊಡುತ್ತೆ ನೋಡಿ, ಅದಕ್ಕೆ. ಬಚ್ಚಲಲ್ಲಿ ಹಾಡೋರು ನಾವೆಲ್ಲ ಇದ್ದೇವೆ. ಅಲ್ಲಿಂದ ಹೊರಗೆ ಬಂದು ಲೋಕ ಗೆದ್ದದ್ದು ಮಾತ್ರ ಈ ಒಂದು ಹಾಡು.

ಆದರೆ ಅಷ್ಟು ಸಲೀಸಾಗಿ ಗೆಲ್ಲಲಿಲ್ಲ. 1964ರ ಮಾರ್ಚಿಯಲ್ಲಿ ಕೊಲಂಬಿಯಾ ಕಂಪನಿಗೆ ಧ್ವನಿಮುದ್ರಣ ಆಯ್ತು. ಡ್ರಮ್ಸ್ ಇಲ್ಲ, ಎಲೆಕ್ಟ್ರಿಕ್ ಗಿಟಾರಿಲ್ಲ, ಭಜನೆಯ ಹಾಗೆ ತಣ್ಣಗಿನ ಹಾಡು. ಅಕ್ಟೋಬರಿನಲ್ಲಿ ಆಲ್ಬಂ ಬಂತು, ಮೂರು ಸಾವಿರದಷ್ಟು ಮಾರಾಟವಾಗಿ ಮಲಗಿತು. ಡಬ್ಬಾ! ಸೈಮನ್ ಗಿಟಾರು ಹೆಗಲಿಗೇರಿಸಿ ಇಂಗ್ಲೆಂಡಿಗೆ ಹೋದ, ಅಲ್ಲಿನ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಹಾಡಿಕೊಂಡು ಹೊಟ್ಟೆ ಹೊರೆದ. ಗಾರ್ಫಂಕೆಲ್ ಕಾಲೇಜು ಪುಸ್ತಕ ಹಿಡಿದ. ಜೋಡಿ ಮುರಿದ ಹಾಗೇ ಆಯ್ತು.

ಇಲ್ಲಿಂದ ಕಥೆಗೆ ತಿರುವು. ಬೋಸ್ಟನ್ನಿನಲ್ಲೂ ಫ್ಲಾರಿಡಾದಲ್ಲೂ ರೇಡಿಯೋ ಕೇಳುವ ಕಾಲೇಜು ಹುಡುಗರು ಈ ಸತ್ತ ಹಾಡನ್ನೇ ಮತ್ತೆ ಮತ್ತೆ ಕೇಳೋಕೆ ಶುರು ಮಾಡಿದರು. ಆ ಆಲ್ಬಂ ತಯಾರಿಸಿದ್ದವನು ಟಾಮ್ ವಿಲ್ಸನ್. ಟೆಕ್ಸಾಸಿನಿಂದ ಬಂದ ಕಪ್ಪು ಜನಾಂಗದವನು, ಹಾರ್ವರ್ಡಿನಲ್ಲಿ ಓದಿದವನು. ಜನಪದ ಧಾಟಿಯ ಹಾಡಿಗೆ ರಾಕ್ ವಾದ್ಯ ಕಟ್ಟಿದರೆ ಓಡುತ್ತೆ ಅನ್ನೋದು ಆಗ ತಾನೇ ಗೊತ್ತಾಗಿತ್ತು. ಬರ್ಡ್ಸ್ ತಂಡದವರು ಬಾಬ್ ಡಿಲನ್ನನ ಹಾಡೊಂದನ್ನು ಹಾಗೇ ಮಾಡಿ ಗೆದ್ದಿದ್ದರು. 1965ರ ಜೂನ್ 15. ಅದೇ ದಿನ ಡಿಲನ್ನನ ‘ಲೈಕ್ ಎ ರೋಲಿಂಗ್ ಸ್ಟೋನ್’ ಹಾಡಿನ ಕೆಲಸವನ್ನೂ ನೋಡಿಕೊಂಡಿದ್ದ ವಿಲ್ಸನ್, ಈ ಹಳೆಯ ಟೇಪನ್ನು ಹೊರಗೆ ತೆಗೆಸಿದ. ಗಿಟಾರಿಗೆ ಅಲ್ ಗೊರ್ಗೋನಿ, ವಿನ್ನಿ ಬೆಲ್. ಡ್ರಮ್ಸಿಗೆ ಬಾಬಿ ಗ್ರೆಗ್. ಹಾಡಿದವರು ಇಲ್ಲದೆಯೇ ಅವರ ದನಿಯ ಮೇಲೆ ವಾದ್ಯ ಕೂರಿಸಿದರು. ಸೈಮನ್ನನಿಗೂ ಹೇಳಲಿಲ್ಲ, ಗಾರ್ಫಂಕೆಲ್‌ಗೂ ಹೇಳಲಿಲ್ಲ!

ಈಗ ನೀವು ಇಯರ್‌ಫೋನ್ ಹಾಕಿ ಕೇಳಬೇಕು. ಆ ಹುಡುಗರು 1964ರಲ್ಲಿ ಹಾಡುವಾಗ ಲೆಕ್ಕ ಹಿಡಿದು ಹಾಡಿದವರಲ್ಲ, ತಮ್ಮ ಉಸಿರಿನ ಪ್ರಕಾರ ಹಾಡಿದವರು. ತಾಳ ಅಲ್ಲಲ್ಲಿ ಒಂದಿಷ್ಟು ಹಿಂದೆ ಮುಂದೆ ಆಗಿದೆ. ಅದರ ಮೇಲೆ ಡ್ರಮ್ಸ್ ಬಾರಿಸೋದು ಹೇಗೆ? ಒಂದು ಕಡೆ ವಾದ್ಯದವರೇ ನಿಧಾನವಾಗಿ ಬಿಡ್ತಾರೆ. ಹಿಂದೆ ಬಿದ್ದ ದನಿ ಬಂದು ಸೇರಲಿ ಅಂತ ಕಾಯ್ತಾರೆ. ಆಗ ಲಂಡನ್ನಿನಲ್ಲಿ ಸೈಮನ್ನನ ಜೊತೆಗಿದ್ದ ಗಾಯಕ ಅಲ್ ಸ್ಟೀವರ್ಟ್ ಹೇಳೋ ಪ್ರಕಾರ, ಆ ಜಾಗ ಕೇಳಿ ಸೈಮನ್ ಬೆಚ್ಚಿಬಿದ್ದನಂತೆ. ಬರೆದವನಿಗೆ ಬೇಸರ ಸಹಜ. ನನಗೆ ಮಾತ್ರ ಇಡೀ ಹಾಡಿನಲ್ಲಿ ಪ್ರಾಣ ಇರೋದೇ ಅಲ್ಲಿ. ಮುಖ ನೋಡಿರದ ಇಬ್ಬರಿಗಾಗಿ ದಿನಗೂಲಿ ಡ್ರಮ್ಮರ್ ಒಬ್ಬ ಕೈ ತಡೆದು ನಿಂತದ್ದು ಕೇಳಿಸುತ್ತೆ.

1966ರ ಜನವರಿ 1. ಅಮೆರಿಕದ ಪಟ್ಟಿಯಲ್ಲಿ ಹಾಡು ನಂಬರ್ ಒನ್! ಸೈಮನ್ ಮರಳಿ ಬಂದ, ಜೋಡಿ ಮತ್ತೆ ಕೂಡಿತು. ವಿಲ್ಸನ್ ಆ ಕಂಪನಿ ಬಿಟ್ಟು ಫ್ರಾಂಕ್ ಜಪ್ಪಾ, ವೆಲ್ವೆಟ್ ಅಂಡರ್‌ಗ್ರೌಂಡ್ ಅಂತ ಹೊಸಬರ ಕಡೆ ಹೋದ. 1978ರಲ್ಲಿ, 47ನೇ ವಯಸ್ಸಿಗೇ ತೀರಿಕೊಂಡ. ಹಾಡು ಕೇಳುವ ನೂರು ಜನರಲ್ಲಿ ಒಬ್ಬನಿಗೂ ಅವನ ಹೆಸರು ಗೊತ್ತಿರಲಾರದು. ನನಗೆ ಇದು ಉರಿ ತರಿಸುವ ವಿಷಯ, ಇರಲಿ.

ಇಷ್ಟೇ ಆಗಿದ್ದರೆ ಸಿನಿಮಾ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಅಂತೀರಿ. ಬರ್ತೀನಿ, ಬರ್ತೀನಿ.

1967ರ ಡಿಸೆಂಬರಿನಲ್ಲಿ ಮೈಕ್ ನಿಕೋಲ್ಸ್ ನಿರ್ದೇಶನದ ‘ದಿ ಗ್ರಾಜುಯೇಟ್’ ಬಂತು. ನಾಯಕ ಡಸ್ಟಿನ್ ಹಾಫ್‌ಮನ್. ಚಿತ್ರಕ್ಕಾಗಿ ಸೈಮನ್ ಹೊಸ ಹಾಡು ತಂದುಕೊಟ್ಟರೂ ನಿಕೋಲ್ಸ್‌ಗೆ ರುಚಿಸಲಿಲ್ಲ. ಸಂಕಲನದ ಕೋಣೆಯಲ್ಲಿ ತಾತ್ಕಾಲಿಕವಾಗಿ ಹಾಕಿಟ್ಟಿದ್ದ ಈ ಹಳೆಯ ಹಾಡೇ ಕೊನೆಗೆ ಖಾಯಂ ಆಯ್ತು. ನಮ್ಮಲ್ಲಾದರೆ ನಾಯಕನೇ ತುಟಿ ಆಡಿಸಬೇಕು, ಇಲ್ಲವೇ ಬೆಟ್ಟ ಹತ್ತಬೇಕು. ಇಲ್ಲಿ ಅವನು ಏನೂ ಮಾಡೋಲ್ಲ. ವಿಮಾನ ನಿಲ್ದಾಣದಲ್ಲಿ, ನಿಂತವರನ್ನು ನಿಂತ ಹಾಗೇ ಮುಂದಕ್ಕೆ ಸಾಗಿಸುವ ಪಟ್ಟಿ ಇರುತ್ತಲ್ಲ, ಅದರ ಮೇಲೆ ಸುಮ್ಮನೆ ನಿಂತಿದ್ದಾನೆ. ಕಾಲು ಎತ್ತಿಡ್ತಾ ಇಲ್ಲ, ನೆಲವೇ ಅವನನ್ನು ಒಯ್ತಾ ಇದೆ. ಹಾಡು ಹರೀತಾ ಇದೆ.

ಈ ಬೆಂಜಮಿನ್ ಕಾಲೇಜು ಮುಗಿಸಿ, ಬಹುಮಾನ ಹೊತ್ತು ಮನೆಗೆ ಬಂದವನು. ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು. ಅವನ ಮನೆಯಲ್ಲಿ ಈಜುಕೊಳ, ನಮ್ಮ ಕೋಣೆಯಲ್ಲಿ ಎರಡು ದಿನಕ್ಕೊಮ್ಮೆ ನೀರು. ಆದರೂ ಅವನಿಗೆ ಬರುವ ಪ್ರಶ್ನೆಯೇ ನನಗೂ: ಮುಂದೇನು? ಪಾರ್ಟಿಯಲ್ಲಿ ಅಪ್ಪನ ಸ್ನೇಹಿತನೊಬ್ಬ ಅವನನ್ನು ಪಕ್ಕಕ್ಕೆ ಕರೆದು, ಪ್ಲಾಸ್ಟಿಕ್ಕಿಗೆ ಭವಿಷ್ಯವಿದೆ ಅಂತ ಗುಟ್ಟು ಹೇಳ್ತಾನೆ. ನಮ್ಮ ಭಾವ ಹೋದ ಯುಗಾದಿಗೆ ನನ್ನ ಹೆಗಲ ಮೇಲೆ ಕೈ ಹಾಕಿ, “ನೋಡೋ, ಈ ಸಿನಿಮಾ ಬರವಣಿಗೆ ಎಷ್ಟು ದಿನ? ಟೈರ್ ಅಂಗಡೀಲಿ ಒಬ್ಬ ಬೇಕಂತೆ. ಗಾಡಿ ಇರೋ ತನಕ ಟೈರ್ ಇದ್ದೇ ಇರುತ್ತೆ” ಅಂದರು. ಪ್ರೀತಿಯಿಂದಲೇ ಅಂದದ್ದು. “ನೋಡೋಣ ಭಾವ” ಅಂದೆ. ಅದಕ್ಕಿಂತ ಹೆಚ್ಚು ಬಾಯಿಗೆ ಬರಲಿಲ್ಲ. ಹತ್ತು ಸಾಲಿನ ಚಿತ್ರವಿಮರ್ಶೆ ಬರೆಯಬಲ್ಲ ನನಗೆ, ಊಟದ ಎಲೆ ಮುಂದೆ ಕೂತ ಅಪ್ಪನಿಗೆ ನನ್ನ ಕೆಲಸ ಏನು ಅಂತ ಎರಡು ಮಾತಿನಲ್ಲಿ ಹೇಳೋಕೆ ಇವತ್ತಿಗೂ ಬರೋಲ್ಲ. ಈ ಹಾಡು ಮಾತಾಡೋದು ಇದನ್ನೇ. ಜನ ಪಕ್ಕಪಕ್ಕ ಕೂತಿರ್ತಾರೆ, ಮಾತು ದಾಟೋದಿಲ್ಲ.

ಚಿತ್ರದ ಕೊನೆ ಗೊತ್ತಲ್ಲ? ಹುಡುಗಿಯ ಮದುವೆ ಬೇರೊಬ್ಬನ ಜೊತೆ ಆಗ್ತಿದೆ. ಬೆಂಜಮಿನ್ ಓಡಿ ಬಂದು ಚರ್ಚಿನ ಗಾಜಿಗೆ ಬಡಿದು ಕಿರುಚ್ತಾನೆ, ಶಿಲುಬೆಯನ್ನೇ ಬೀಸಿ ಬೆನ್ನಟ್ಟಿದವರನ್ನು ತಡೀತಾನೆ, ಅದನ್ನೇ ಬಾಗಿಲಿಗೆ ಅಡ್ಡ ಸಿಗಿಸಿ ಅವಳ ಕೈ ಹಿಡಿದು ಓಡ್ತಾನೆ. ಶಿಳ್ಳೆ ಹೊಡೆಯೋ ಜಾಗ! ಎದುರಿಗೆ ಬಸ್ಸು, ಹತ್ತಿ ಕೊನೆಯ ಸೀಟಿನಲ್ಲಿ ಕೂರ್ತಾರೆ. ನಮ್ಮ ಯಾವ ನಿರ್ದೇಶಕನಾದರೂ ಅಲ್ಲಿಗೆ ‘ಶುಭಂ’ ಹಾಕಿಬಿಡ್ತಿದ್ದ. ನಿಕೋಲ್ಸ್ ಕ್ಯಾಮರಾ ನಿಲ್ಲಿಸಲಿಲ್ಲ. ಇಬ್ಬರೂ ನಗ್ತಾರೆ. ನಗು ಹಾಗೇ ಸ್ವಲ್ಪ ಹೊತ್ತು ನಿಲ್ಲುತ್ತೆ. ಆಮೇಲೆ ಮೆಲ್ಲಗೆ ಇಳಿಯುತ್ತೆ. ಅವಳು ಅವನ ಕಡೆ ನೋಡ್ತಾಳೆ, ಅವನು ಮುಂದೆ ನೋಡ್ತಿದ್ದಾನೆ. ಆಗ ಹಾಡು ಶುರುವಾಗುತ್ತೆ. ನಿಕೋಲ್ಸ್‌ಗೆ ಆ ವರ್ಷದ ಶ್ರೇಷ್ಠ ನಿರ್ದೇಶಕನ ಆಸ್ಕರ್ ಬಂತು. ಬರದೇ ಏನು!

ಹಾಡು ಅಲ್ಲಿಗೂ ನಿಲ್ಲಲಿಲ್ಲ. 2015ರಲ್ಲಿ ಡಿಸ್ಟರ್ಬ್ಡ್ ಅನ್ನೋ ಹೆವಿ ಮೆಟಲ್ ತಂಡ ಇದನ್ನು ಗಂಟಲು ಹರಿಯೋ ಹಾಗೆ ಹಾಡಿತು. ಕೋಟಿಗಟ್ಟಲೆ ಜನ ಮೆಚ್ಚಿದರು, ಸೈಮನ್ನೇ ಮೆಚ್ಚಿದ. ನನಗೆ ಅಷ್ಟು ಕೂಗು ಬೇಡ. 2011ರ ಸೆಪ್ಟೆಂಬರ್ 11ರಂದು, ಅವಳಿ ಗೋಪುರ ಉರುಳಿ ಹತ್ತು ವರ್ಷವಾದ ದಿನ, ಅದೇ ಜಾಗದಲ್ಲಿ ಸೈಮನ್ ಒಬ್ಬನೇ ಗಿಟಾರು ಹಿಡಿದು ಇದನ್ನು ಹಾಡಿದ. ಡ್ರಮ್ಸ್ ಇಲ್ಲ, ಗಾರ್ಫಂಕೆಲ್ ಇಲ್ಲ. ಎಪ್ಪತ್ತರ ಹತ್ತಿರದ ಗಂಟಲು. ಅದನ್ನು ನೋಡಿ.

ನನ್ನ ರೂಮ್‌ಮೇಟಿಗೆ ‘ದಿ ಗ್ರಾಜುಯೇಟ್’ ತೋರಿಸಿದೆ. ಫೈಟ್ ಮಾಸ್ಟರ್ ಒಬ್ಬರ ಬಳಿ ಕೆಲಸ ಮಾಡ್ತಾನೆ, ಅವನ ಲೆಕ್ಕವೇ ಬೇರೆ. “ಹುಡುಗಿ ಸಿಕ್ಕಳು, ಬಸ್ಸು ಹೊರಟಿತು, ಇನ್ನೇನು ಬೇಕು ಗುರು? ಮುಂದಿನ ಸ್ಟಾಪಲ್ಲಿ ಇಳಿದು ಮದುವೆ ಆಗ್ತಾರೆ” ಅಂದ. “ಮುಖ ನೋಡೋ” ಅಂದೆ. “ಸುಸ್ತಾಗಿದೆ ಕಣೋ, ಅಷ್ಟು ದೂರ ಓಡಿದಾನೆ” ಅಂದ. ಮತ್ತೆ ಹಿಂದಕ್ಕೆ ಹಾಕಿ ತೋರಿಸಿದೆ. ಮೂರು ಸಲ ನೋಡಿದ್ದೇವೆ, ಇನ್ನೂ ಇತ್ಯರ್ಥ ಆಗಿಲ್ಲ.