ಹೊಟ್ಟೆ ಹೇಗಿದೆ?

ನಮ್ಮ ಮಾವನವರು ಮೈಸೂರಿನಲ್ಲಿ ಉಪಾಧ್ಯಾಯರಾಗಿದ್ದವರು. ಅವರ ಅಕ್ಷರ ಮುತ್ತು ಪೋಣಿಸಿದಂತೆ. ನಿವೃತ್ತರಾದ ಮೇಲೆ ಅವರನ್ನು ಕಾಡಿದ್ದು ಮಲಬದ್ಧತೆ. ‘ವಯಸ್ಸಾಯಿತಲ್ಲ’ ಎಂದು ನಾವು ಹಗುರವಾಗಿ ಕಂಡೆವು. ಹತ್ತು ವರ್ಷಗಳ ಅನಂತರ ಅಮೆರಿಕಕ್ಕೆ, ನಮ್ಮಲ್ಲಿಗೆ ಬಂದಾಗ ಅವರ ಬಲಗೈ ನಡುಗುತ್ತಿತ್ತು. ಅಕ್ಷರ ಇರುವೆಸಾಲಿನಂತೆ ಕಿರಿದಾಗಿತ್ತು. ವೈದ್ಯರು ಪಾರ್ಕಿನ್ಸನ್ ರೋಗವೆಂದರು.

ಅವರು ತೀರಿಕೊಂಡ ಮೇಲೆ, ಕಲಾ ಪದವೀಧರೆಯಾದ ನಾನು ಗ್ರಂಥಾಲಯದಲ್ಲಿ ಕುಳಿತು ಓದತೊಡಗಿದೆ. 1817ರಲ್ಲಿ ಈ ರೋಗವನ್ನು ವರ್ಣಿಸಿದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಅವರೇ ರೋಗಿಗಳ ಮಲಬದ್ಧತೆಯನ್ನು ಗುರುತಿಸಿದ್ದರು. 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್, ರೋಗವು ಕರುಳಿನಲ್ಲಿ ಮೊಳೆತು ವೇಗಸ್ ನರದ ಮೂಲಕ ಮಿದುಳಿಗೆ ಏರುತ್ತಿರಬಹುದೆಂದು ಊಹಿಸಿದರು. 2016ರಲ್ಲಿ ಕ್ಯಾಲ್‌ಟೆಕ್ ಸಂಶೋಧಕರು ರೋಗಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ರೋಗಪ್ರವೃತ್ತಿಯುಳ್ಳ ಇಲಿಗಳಿಗೆ ಸೇರಿಸಿದಾಗ ಅವುಗಳ ಚಲನೆ ಇನ್ನಷ್ಟು ಕುಂಠಿತವಾಯಿತು.

ಇಲಿಗೆ ಸಂದದ್ದೆಲ್ಲ ಮನುಷ್ಯನಿಗೆ ಸಲ್ಲದು. ಮಲಬದ್ಧತೆಯುಳ್ಳವರೆಲ್ಲ ಈ ರೋಗಕ್ಕೆ ತುತ್ತಾಗುವುದೂ ಇಲ್ಲ. ಮಜ್ಜಿಗೆ ಇದಕ್ಕೆ ಮದ್ದೆಂದೂ ನಾನು ಹೇಳಲಾರೆ. ಆದರೆ ಊರಿಗೆ ದೂರವಾಣಿ ಮಾಡಿದಾಗ ‘ಊಟವಾಯಿತೆ ಅಮ್ಮಾ?’ ಎಂಬಲ್ಲಿಗೆ ನಿಲ್ಲಿಸದೆ, ‘ಹೊಟ್ಟೆ ಹೇಗಿದೆ?’ ಎಂದೂ ಕೇಳುತ್ತೇನೆ. ಅಮ್ಮ ಸಂಕೋಚದಿಂದ ನಗುತ್ತಾಳೆ, ಆದರೂ ಹೇಳುತ್ತಾಳೆ. ಮಾವನವರನ್ನು ಹಾಗೆ ಕೇಳಿದವರಿರಲಿಲ್ಲ.