ಒಂದು ಸಾಕ್ಷಿ, ಆರು ಬಾಯಿ

ಒಂದೇ ಸುದ್ದಿ ಆರು ಬಾಯಿಂದ ಬಂದಿತೆಂದು ಹಳ್ಳಿಯ ಹಿರಿಯರು ಅದನ್ನು ನಂಬಿಬಿಡುವುದಿಲ್ಲ; ಮೊದಲು ಹೇಳಿದವರು ಯಾರೆಂದು ಕೇಳುತ್ತಾರೆ. ಅಂತರ್ಜಾಲದ ಮುಂದೆ ಕುಳಿತೊಡನೆ ಈ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಮರೆತುಹೋಗುವುದೇಕೋ ತಿಳಿಯದು.

ಈ ವರ್ಷ ಸೆಮಿನಾರಿಗೆ ನನ್ನ ಪಾಲಿಗೆ ಬಂದುದು ಹಲ್ಮಿಡಿ ಶಾಸನ. ಫೋನಿನಲ್ಲಿ ಹುಡುಕಿದೆ. ಆರು ಪುಟಗಳು ಒಕ್ಕೊರಲಿನಿಂದ 'ಕ್ರಿ.ಶ. 450' ಎಂದವು. ಓದುತ್ತ ಹೋದಂತೆ ಆರರಲ್ಲಿಯೂ ಅವೇ ವಾಕ್ಯಗಳು. ಒಂದು ಕಾಗುಣಿತದ ತಪ್ಪು ಕೂಡ ಅದೇ ಸ್ಥಳದಲ್ಲಿ! ನಾವು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಮೇಲ್ವಿಚಾರಕರು ಸುಮ್ಮನಿರುತ್ತಿದ್ದರೆ?

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಡಾ. ಎಂ. ಎಚ್. ಕೃಷ್ಣ ಅವರು. ಹದಿನಾರು ಸಾಲುಗಳ ಈ ಶಾಸನದಲ್ಲಿ ಶಕವರ್ಷವೇ ಇಲ್ಲ. ಲಿಪಿಯ ರೂಪ, ಕದಂಬ ಅರಸನ ಹೆಸರು ಇವುಗಳ ಆಧಾರದಿಂದ ವಿದ್ವಾಂಸರು ಕಾಲವನ್ನು ತರ್ಕಿಸಿದ್ದಾರೆ. ಐದನೆಯ ಶತಮಾನದ ನಡುಭಾಗವೆನ್ನುವವರೂ ಉಂಟು, ಅದರ ಕೊನೆಯೆನ್ನುವವರೂ ಉಂಟು. ಅವರು ಬರೆದುದು 'ಸುಮಾರು' ಎಂದು. ಪುಟದಿಂದ ಪುಟಕ್ಕೆ ಹಾರುವಾಗ ಆ 'ಸುಮಾರು' ಎಲ್ಲಿಯೋ ಉದುರಿಹೋಗಿದೆ.

ಅಷ್ಟರಲ್ಲಿ ತಾಳಗುಂದದ ಸುದ್ದಿ ಕಣ್ಣಿಗೆ ಬಿತ್ತು. 2013ರ ಉತ್ಖನನದಲ್ಲಿ ಅಲ್ಲಿ ದೊರೆತ ಶಾಸನವೊಂದು ಕ್ರಿ.ಶ. 370ರದೆಂದು ಪತ್ರಿಕಾ ವರದಿಗಳು ಹೇಳುತ್ತವೆ. ಕನ್ನಡಿಗನಾದ ನನ್ನ ಎದೆ ಉಬ್ಬಿತು. ಉಬ್ಬಿದ್ದರಿಂದಲೇ ಎಚ್ಚರವೂ ಆಯಿತು. ಸುದ್ದಿಗಾರರು ಹೇಳಿದ ವರ್ಷ ಬೇರೆ; ಶಾಸನದ ಪಾಠವನ್ನು ಮುಂದಿಟ್ಟುಕೊಂಡು ಲಿಪಿತಜ್ಞರು ವಾದಿಸಿ ನಿಲ್ಲಿಸಿದ ವರ್ಷ ಬೇರೆ. ಪ್ರಬಂಧದಲ್ಲಿ 'ಎಂದು ಹೇಳಲಾಗಿದೆ' ಎಂದಷ್ಟೇ ಬರೆದೆ. ಗೆಳೆಯನೊಬ್ಬ, "ಕನ್ನಡದ ಆಯುಸ್ಸಿನಲ್ಲಿ ಎಂಬತ್ತು ವರ್ಷ ಕಿತ್ತುಬಿಟ್ಟೆಯಲ್ಲೋ!" ಎಂದು ಕೆರಳಿದ. ಎರಡು ದಿನ ಮಾತು ಬಿಟ್ಟ.

ಹಾಗೆಂದು ಅಂತರ್ಜಾಲವನ್ನೇ ಹಳಿಯುವವರ ಮಾತನ್ನು ನಾನು ಒಪ್ಪಲಾರೆ, ಗುರುಗಳು ಕ್ಷಮಿಸಬೇಕು. 1886ರಲ್ಲಿ ರೈಸ್ ಅವರು ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಳೆಯ ಸಂಪುಟಗಳನ್ನು ಈಗ ಇಂಟರ್ನೆಟ್ ಆರ್ಕೈವಿನಲ್ಲಿ ಪುಟ ತಿರುವಿ ಓದಬಹುದು. ವಿಕಿಪೀಡಿಯದ ಪುಟವೊಂದರ 'ಇತಿಹಾಸ' ತೆರೆದರೆ ಯಾವ ವಾಕ್ಯವನ್ನು ಯಾವ ದಿನ ತಿದ್ದಿದರೆಂಬುದು ಸಹ ಕಾಣುತ್ತದೆ. ಪರೀಕ್ಷೆಯ ಹಿಂದಿನ ದಿನ ನಾವು ಕೊಳ್ಳುವ ಗೈಡುಗಳಲ್ಲಿ ಈ ಸೌಕರ್ಯವೆಲ್ಲಿ?

ತಾಳಗುಂದದ ಆ ಶಾಸನದ ಪಾಠ, ಕಾಲನಿರ್ಣಯದ ವಾದ ಎರಡೂ ಇರುವ ಲೇಖನ ತಂದರೆ ಬರೆದುದನ್ನು ತಿದ್ದುವೆನೆಂದು ಗೆಳೆಯನಿಗೆ ಮಾತು ಕೊಟ್ಟಿದ್ದೇನೆ. ಹುಡುಕುತ್ತಿದ್ದಾನೆ.