ದ್ವೀಪವೂ ಸಮೀಪವೂ

ದ್ವೀಪವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸು ಸಮುದ್ರದ ಕಡೆಗೆ ಓಡುವುದು. ನಾಲ್ಕು ಕಡೆಯೂ ಉಪ್ಪುನೀರು, ನಡುವೆ ತೆಂಗಿನ ಮರಗಳು, ಅಲ್ಲಿಗೆ ಹೋಗುವುದಕ್ಕೆ ಒಂದು ಹಡಗು, ಇಷ್ಟಿಲ್ಲದಿದ್ದರೆ ಅದು ದ್ವೀಪವೇ ಅಲ್ಲವೆಂದು ಶಾಲೆಯ ಬಾಲಕರು ನಮ್ಮೊಡನೆ ವಾದಿಸಿದ್ದುಂಟು. ಶಬ್ದದ ಅರ್ಥವನ್ನು ವಿಚಾರಿಸಿದರೆ ಅಷ್ಟು ದೂರ ಹೋಗಬೇಕಾದುದಿಲ್ಲ. ‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು. ಎರಡು ಪಕ್ಕದಲ್ಲಿಯೂ ನೀರುಳ್ಳದ್ದು ದ್ವೀಪ. ಈ ‘ಅಪ್’ ಶಬ್ದದ ಮೊದಲ ಅಕಾರವು ಈಕಾರವಾಗುವುದಕ್ಕಾಗಿ ಪಾಣಿನಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ಒಂದು ಸೂತ್ರವನ್ನೇ ಇಟ್ಟಿರುವನು. ಆದಕಾರಣ ಹೊಳೆಯು ಕವಲೊಡೆದು, ಒಂದಿಷ್ಟು ನೆಲವನ್ನು ನಡುವೆ ಬಿಟ್ಟು, ಮುಂದೆ ಮತ್ತೆ ಕೂಡಿಕೊಂಡರೂ ಅದು ದ್ವೀಪವೇ ಸರಿ.

ನಮ್ಮ ಕಾವೇರಿಯಲ್ಲಿ ಇಂತಹ ನೆಲಗಳು ಹಲವು ಉಂಟು. ಅವುಗಳಲ್ಲಿ ಮೂರು ಶ್ರೀರಂಗನ ನೆಲೆಗಳೆಂದು ಪ್ರಸಿದ್ಧವಾಗಿವೆ: ಶ್ರೀರಂಗಪಟ್ಟಣವು ಆದಿರಂಗ, ಶಿವನಸಮುದ್ರವು ಮಧ್ಯರಂಗ, ತಮಿಳುನಾಡಿನ ಶ್ರೀರಂಗವು ಅಂತ್ಯರಂಗ. ಇವುಗಳಲ್ಲಿ ಮೊದಲನೆಯದು ಮೈಸೂರಿಗೆ ಸುಮಾರು ೧೫ ಕಿಲೋಮೀಟರು ದೂರದಲ್ಲಿ, ಮೂರು ಮೈಲಿಯಷ್ಟು ಉದ್ದವಾಗಿ, ಪಡುವಣಿಂದ ಮೂಡಣಕ್ಕೆ ಮಲಗಿದೆ. ಕಳೆದ ಬೇಸಗೆಯಲ್ಲಿ ಒಂದು ಶನಿವಾರ ಮತ್ತು ಒಂದು ಭಾನುವಾರವನ್ನು ನಾವು ಸಹಕುಟುಂಬವಾಗಿ ಅಲ್ಲಿ ಕಳೆದೆವು. ಆ ಎರಡು ದಿನಗಳ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುವೆವು.

ಈ ಪ್ರಯಾಣವನ್ನು ಬಯಸಿದವರು ನಮ್ಮ ಅಕ್ಕನವರು. ಅವರಿಗೆ ಈಗ ಎಪ್ಪತ್ತು ದಾಟಿದೆ. “ಎಲ್ಲರನ್ನೂ ಒಂದೇ ಪಂಕ್ತೀಲಿ ಕೂತು ಊಟ ಮಾಡೋದನ್ನ ಇನ್ನೊಂದು ಸಲ ನೋಡಬೇಕು ಕಣಪ್ಪ” ಎಂದು ಯುಗಾದಿಯ ದಿನ ಅವರು ಹೇಳಿದಾಗ ನಾವು ಕೂಡಲೆ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣವಿತ್ತು. ನಮ್ಮ ಇಬ್ಬರು ತಮ್ಮಂದಿರು ಪರಸ್ಪರ ಮಾತನಾಡಿ ನಾಲ್ಕು ವರ್ಷಗಳಾಗಿದ್ದವು. ಊರಿನ ಮನೆಯನ್ನು ಮಾರಿದಾಗ ಬಂದ ಹಣವನ್ನು ಒಂದು ಕಾಸಿನ ವ್ಯತ್ಯಾಸವೂ ಇಲ್ಲದೆ ಹಂಚಿಕೊಂಡೆವು. ಜಗಳವಾದದ್ದು ಹಣಕ್ಕಲ್ಲ, ನೀರೊಲೆಯ ಮೇಲಿದ್ದ ತಾಮ್ರದ ಹಂಡೆಗೆ. ಹಂಡೆಯನ್ನು ಪಾಲು ಮಾಡುವುದು ಹೇಗೆ? ದೊಡ್ಡ ತಮ್ಮನು ಅದನ್ನು ಬೆಂಗಳೂರಿಗೆ ಸಾಗಿಸಿದನು. ತಾಯಿಯವರು ಅದನ್ನು ತನಗೆಂದು ಹೇಳಿದ್ದರೆಂದು ಚಿಕ್ಕ ತಮ್ಮನು ಮುನಿದನು. ಅಂದಿನಿಂದ ಮದುವೆ ಮುಂಜಿಗಳಲ್ಲಿ ಎದುರಾದರೂ ಒಬ್ಬರ ಸಮಾಚಾರವು ಇನ್ನೊಬ್ಬರಿಗೆ ನಮ್ಮ ಮೂಲಕವೇ ತಲುಪಬೇಕಾಗಿತ್ತು. ಇಂತಹ ಜಗಳವನ್ನು ಕಂಡು ನಗುವವರು ತಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಿಕೊಳ್ಳಲಿ.

ಅಕ್ಕನವರ ಮಾತನ್ನು ಮೀರಲಾರದೆ ಇಬ್ಬರೂ ಒಪ್ಪಿದರು. ದೊಡ್ಡ ತಮ್ಮನು ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಡನೆ ಬೆಂಗಳೂರಿನಿಂದ ಹೊರಟನು. ನಮ್ಮ ಮಗಳೂ ಅಳಿಯನೂ ಒಂದೂವರೆ ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಅದೇ ರೈಲನ್ನು ಹತ್ತಿದರು. ನಾವು, ನಮ್ಮ ಮನೆಯವರು, ಅಕ್ಕನವರು, ಚಿಕ್ಕ ತಮ್ಮನ ಸಂಸಾರದ ಮೂವರು ಮೈಸೂರಿನಿಂದ ಬಂದೆವು. ಅಂತೂ ಮಗುವನ್ನು ಸೇರಿಸಿ ಹದಿಮೂರು ಮಂದಿ. ಬೆಂಗಳೂರಿನವರು ಹೊಳೆಯ ಉತ್ತರದ ಕವಲನ್ನು ದಾಟಿ ದ್ವೀಪಕ್ಕೆ ಬಂದರೆ ನಾವು ದಕ್ಷಿಣದ ಕವಲನ್ನು ದಾಟಿ ಬಂದೆವು. ಸೇತುವೆಯ ಮೇಲೆ ರೈಲು ಸದ್ದು ಮಾಡಿದಾಗ ಅಕ್ಕನವರು ಪಶ್ಚಿಮವಾಹಿನಿಯ ಕಡೆಗೆ ಮುಖ ಮಾಡಿ ಕೈ ಮುಗಿದರು. ನಮ್ಮ ತಂದೆಯವರ ಅಸ್ಥಿಯನ್ನು ಬಿಟ್ಟದ್ದು ಅಲ್ಲಿಯೇ. ಅಂದು ಮೂವರು ಮಕ್ಕಳೂ ಒಂದೇ ಮೆಟ್ಟಿಲ ಮೇಲೆ ನಿಂತಿದ್ದೆವು. ಕಿಟಕಿಯ ಪಕ್ಕದಲ್ಲಿದ್ದ ಚಿಕ್ಕ ತಮ್ಮನೂ ಹೊರಗೆ ನೋಡುತ್ತಿದ್ದನು, ಏನನ್ನೂ ಹೇಳಲಿಲ್ಲ.

ಎಳೆಯ ಮಗುವನ್ನು ಕರೆದುಕೊಂಡು ಬೇಸಗೆಯಲ್ಲಿ ಪ್ರವಾಸ ಹೊರಟವರಿಗೆ ದಿನವು ಎರಡೇ ತುಂಡುಗಳಾಗಿ ದೊರೆಯುವುದು: ಬೆಳಗಿನ ಆರರಿಂದ ಹತ್ತರವರೆಗೆ ಒಂದು, ಸಂಜೆ ನಾಲ್ಕೂವರೆಯ ಮೇಲೆ ಒಂದು. ನಡುವಣ ಹೊತ್ತು ಬಿಸಿಲಿನದು, ಅದರೊಡನೆ ಸ್ಪರ್ಧಿಸಬಾರದು. ಇದನ್ನು ನಮ್ಮ ಮನೆಯವರು ಮೊದಲೇ ವಿಧಿಸಿದ್ದರು. ಮಗುವಿಗೆಂದು ಕಾಯಿಸಿ ಆರಿಸಿದ ನೀರು, ರಾಗಿಯ ಸರಿ, ತೆಳ್ಳನೆಯ ಮೊಸರನ್ನ. ಉಳಿದವರಿಗೆ ಪುಳಿಯೋಗರೆ, ಕೋಡುಬಳೆ, ನೀರುಮಜ್ಜಿಗೆ. ಛತ್ರದಲ್ಲಿ ಹಿಡಿದಿದ್ದ ಎರಡು ಕೋಣೆಗಳಲ್ಲಿ ಮಧ್ಯಾಹ್ನವೆಲ್ಲ ಚಾಪೆಗಳ ಮೇಲೆ ಹದಿಮೂರು ಮಂದಿಯೂ ಮಲಗಬೇಕಾಯಿತು. ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಬಾಗಿಲುಗಳನ್ನು ಹಾಕಿಕೊಂಡು ಇರುವವರಿಗೆ ಇದು ಮರೆತುಹೋಗಿದ್ದ ಅಭ್ಯಾಸ.

ಶನಿವಾರ ಬೆಳಿಗ್ಗೆ ರಂಗನಾಥಸ್ವಾಮಿಯ ದರ್ಶನವಾಯಿತು. ಕ್ರಿ. ಶ. ೮೯೪ರಲ್ಲಿ ಗಂಗರ ಸಾಮಂತನಾದ ತಿರುಮಲಯ್ಯನು ಈ ಗುಡಿಯನ್ನು ಕಟ್ಟಿಸಿದನೆಂದು ಪ್ರತೀತಿ. ಬಳಿಕ ಹೊಯ್ಸಳರೂ ವಿಜಯನಗರದವರೂ ಅದನ್ನು ಬೆಳೆಸಿದರು. ಆದಿಶೇಷನ ಮೇಲೆ ಮಲಗಿದ ದೊಡ್ಡ ಮೂರ್ತಿಯನ್ನು ತೋರಿಸಿ ಅಕ್ಕನವರು ಮಗುವಿಗೆ, “ಸ್ವಾಮಿ ನಿದ್ದೆ ಮಾಡ್ತಿದ್ದಾನೆ, ಸದ್ದು ಮಾಡಬಾರದು” ಎಂದರು. ಮಗುವು ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಗರ್ಭಗುಡಿಯಿಂದ ಧ್ವಜಸ್ತಂಭದವರೆಗೂ ಹಾಗೆಯೇ ಬಂದಿತು. ಹೊರಗೆ ಬಂದೊಡನೆ ಪಾರಿವಾಳಗಳನ್ನು ಕಂಡು ಮಾಡಿದ ಸದ್ದಿಗೆ ಸ್ವಾಮಿಯು ಎದ್ದಿದ್ದರೂ ಆಶ್ಚರ್ಯವಿರಲಿಲ್ಲ.

ಸಂಜೆ ದರಿಯಾ ದೌಲತಿಗೆ ಹೋದೆವು. ಟೀಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ಈ ತೇಗದ ಅರಮನೆಯು ಬೇಸಗೆಗೆಂದೇ ಆದದ್ದು. ಅದರ ಗೋಡೆಯ ಮೇಲೆ ೧೭೮೦ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ದೊಡ್ಡ ತಮ್ಮನ ಮಕ್ಕಳು ಫಿರಂಗಿಗಳನ್ನೂ ದಳಗಳನ್ನೂ ಎಣಿಸುತ್ತಿದ್ದರೆ ಮಗುವು ಆನೆ ಕುದುರೆಗಳಿಗೆ ಕೈ ಬೀಸುತ್ತಿತ್ತು. ಅದರ ಪಾಲಿಗೆ ಯಾರು ಗೆದ್ದರೂ ಒಂದೇ. ಹಿಂದಿರುಗುವಾಗ ಕೋಟೆಯ ಹತ್ತಿರ ಟೀಪುವಿನ ಕಾಲದ ಒಂದು ಶಸ್ತ್ರಾಗಾರವನ್ನು ನೋಡಿದೆವು. ಜೋಡಿ ರೈಲುಹಳಿಗೆ ಅಡ್ಡವಾಗಿದ್ದ ಈ ಇಟ್ಟಿಗೆ ಗಾರೆಯ ಕಟ್ಟಡವನ್ನು ಕೆಡವದೆ, ೨೦೧೭ರಲ್ಲಿ ಬುಡಸಹಿತ ಎತ್ತಿ ಇಡಿಯಾಗಿ ಬೇರೆಡೆಗೆ ಸರಿಸಿದರು; ಅದರ ತೂಕ ಸುಮಾರು ೧,೦೦೦ ಟನ್ನು ಎಂದು ಹುಡುಗರು ವಿವರಿಸಿದರು. ಅಕ್ಕನವರು ಎಲ್ಲವನ್ನೂ ಕೇಳಿ, “ಅಷ್ಟು ಭಾರದ್ದನ್ನೇ ಜರುಗಿಸ್ತಾರೆ, ನಮ್ಮನೇಲಿ ಒಂದು ಹಂಡೆ ಜರುಗಲಿಲ್ಲ” ಎಂದರು. ಯಾರೂ ನಗಲಿಲ್ಲ. ಚಿಕ್ಕ ತಮ್ಮನು ಮಗುವನ್ನು ಎತ್ತಿಕೊಂಡು ಮುಂದಕ್ಕೆ ನಡೆದನು.

ಆ ರಾತ್ರಿ ಹಲ್ಲು ಬರುವ ನೋವಿನಿಂದ ಮಗುವು ನಿದ್ರಿಸದೆ ಅಳುತ್ತಿತ್ತು. ತಾಯಿಯಿಂದ ಅಜ್ಜಿಗೆ, ಅಜ್ಜಿಯಿಂದ ತಂದೆಗೆ, ಕಡೆಗೆ ಚಿಕ್ಕ ತಮ್ಮನ ಹೆಗಲಿಗೆ ಬಂದು ಅಲ್ಲಿ ಕಣ್ಣು ಮುಚ್ಚಿತು. ಅವನು ಅಂಗಳದಲ್ಲಿ ಒಂದು ಗಂಟೆಯಾದರೂ ತಿರುಗಾಡಿರಬೇಕು. ದೊಡ್ಡ ತಮ್ಮನು ಎದ್ದು ಬಂದು ಅಂಗಳದ ದೀಪವನ್ನು ಆರಿಸಿ, ಮಾತಿಲ್ಲದೆ ಹೋಗಿ ಮಲಗಿಕೊಂಡನು.

ಭಾನುವಾರ ಮುಂಜಾನೆ ಮೂರು ನಾಲ್ಕು ಕಿಲೋಮೀಟರು ದೂರದ ರಂಗನತಿಟ್ಟಿಗೆ ಹೋದೆವು. ಇವೂ ದ್ವೀಪಗಳೇ, ಆದರೆ ಮನುಷ್ಯನ ಕೈಯಿಂದ ಆದವು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ೧೬೪೫–೪೮ರಲ್ಲಿ, ಹೊಳೆಗೆ ಒಂದು ಕಟ್ಟೆಯನ್ನು ಹಾಕಿದಾಗ ನೀರು ನಿಂತು ಈ ತಿಟ್ಟುಗಳು ಉಳಿದುಕೊಂಡವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ ಸಲಹೆಯಿಂದ ೧೯೪೦ರಲ್ಲಿ ಇದು ಪಕ್ಷಿಧಾಮವಾಯಿತು. ೨೦೨೨ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕುಳಿತು ನೋಡಿದರೆ ಒಂದೊಂದು ಮರವೂ ಒಂದೊಂದು ಅವಿಭಕ್ತ ಕುಟುಂಬ. ಬಣ್ಣದ ಕೊಕ್ಕರೆಗಳು, ಚಮಚದಂತೆ ಕೊಕ್ಕುಳ್ಳ ಹಕ್ಕಿಗಳು, ನೀರುಕಾಗೆಗಳು, ಎಲ್ಲವೂ ಕೂಗಾಡುತ್ತ, ಒಂದರ ಕಡ್ಡಿಯನ್ನು ಇನ್ನೊಂದು ಕದಿಯುತ್ತ, ಆದರೂ ಮರವನ್ನು ಬಿಟ್ಟು ಹೋಗದೆ ಮರಿಗಳನ್ನು ಸಾಕುತ್ತಿದ್ದವು. ಕೆಳಗೆ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ನೀರು ಸುತ್ತುವರಿದಿರುವುದರಿಂದ ಗೂಡುಗಳಿಗೆ ನೆಲದ ಶತ್ರುಗಳ ಭಯ ಕಡಿಮೆ.

ಆದರೆ ನೀರಿನ ಈ ರಕ್ಷಣೆಯು ಸರ್ವಕಾಲಕ್ಕೂ ಇರುವುದಿಲ್ಲ. ೧೭೯೯ರ ಮೇ ೪ರಂದು ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣದ ಕೋಟೆಯೊಳಕ್ಕೆ ನುಗ್ಗಿದ್ದು ಬೇಸಗೆಯ ಮಧ್ಯಾಹ್ನದಲ್ಲಿ, ಹೊಳೆಯು ಬತ್ತಿ ಬಂಡೆಗಳು ಮೇಲೆದ್ದಿದ್ದಾಗ. ಮಳೆಗಾಲ ಬಂದು ಕಾವೇರಿಯು ತುಂಬಿದರೆ ದಾಟಲಾಗದೆಂದು ಅವರು ತ್ವರೆಪಟ್ಟಿದ್ದರು. ಬೇಸಗೆಯ ದ್ವೀಪವು ಅರ್ಧ ದ್ವೀಪ ಮಾತ್ರ. ಶತ್ರುವಿಗೆ ದಾಟಲು ಸುಲಭವಾದ ಕಾಲವೇ ಬಂಧುವಿಗೂ ದಾಟಲು ಸುಲಭವಾದದ್ದು.

ಸಂಜೆ ದ್ವೀಪದ ಮೂಡಣ ತುದಿಯಲ್ಲಿರುವ ಸಂಗಮಕ್ಕೆ ಬಂದೆವು. ಇಲ್ಲಿ ಬೇರೆ ಬೇರೆ ಹೊಳೆಗಳು ಸೇರುವುವೆಂದು ಕೆಲವರು ಹೇಳುವುದುಂಟು. ಕಬಿನಿಯು ಕಾವೇರಿಯನ್ನು ಸೇರುವುದು ಇನ್ನೂ ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ. ಇಲ್ಲಿ ಕೂಡುವವು, ಪಡುವಣ ತುದಿಯಲ್ಲಿ ಅಗಲಿದ ಅದೇ ಕಾವೇರಿಯ ಎರಡು ಕವಲುಗಳು. ನಡುವೆ ಕೋಟೆ, ಗುಡಿ, ಮಸೀದಿ, ಗದ್ದೆ, ತೋಟಗಳನ್ನೆಲ್ಲ ಬಳಸಿಕೊಂಡು ಬಂದು, ಯಾವ ಸಡಗರವೂ ಇಲ್ಲದೆ ಒಂದಾಗುವುವು.

ಸಂಗಮದಲ್ಲಿ ಸುಳಿಯೂ ಮಡುವೂ ಉಂಟು. ಮೇಲಣ ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ಹೊಳೆಯು ಏರುವುದೂ ಉಂಟು. ಆದುದರಿಂದ ಹುಡುಗರು ರಕ್ಷಾಕವಚ ತೊಟ್ಟು ಹರಿಗೋಲು ಹತ್ತಿದರೂ ಮಗುವನ್ನು ದಡದಲ್ಲಿಯೇ, ಅಂಗಾಲು ಮುಳುಗುವಷ್ಟು ನೀರಿನಲ್ಲಿ, ಕುಳ್ಳಿರಿಸಿದೆವು. ಒಂದು ಪಕ್ಕದಲ್ಲಿ ದೊಡ್ಡ ತಮ್ಮ, ಇನ್ನೊಂದು ಪಕ್ಕದಲ್ಲಿ ಚಿಕ್ಕ ತಮ್ಮ ಕಾವಲಿಗೆ ಕುಳಿತರು. ಈ ವಯಸ್ಸಿನ ಮಕ್ಕಳಿಗೆ ಒಂದು ವ್ಯಾಪಾರವುಂಟೆಂಬುದನ್ನು ವಾಚಕರು ಬಲ್ಲರು: ಒಬ್ಬರಿಂದ ತೆಗೆದುಕೊಂಡದ್ದನ್ನು ಇನ್ನೊಬ್ಬರಿಗೆ ಕೊಡುವುದು, ಕೊಟ್ಟದ್ದನ್ನು ಮರಳಿ ಕೇಳುವುದು. ಮಗುವು ದೊಡ್ಡ ತಮ್ಮನ ಅಂಗೈಯಿಂದ ಒಂದು ನುಣುಪುಗಲ್ಲನ್ನು ಎತ್ತಿ, “ತಗೋ” ಎಂದು ಚಿಕ್ಕ ತಮ್ಮನಿಗೆ ಕೊಟ್ಟಿತು. ಅವನಿಂದ ಕಿತ್ತು ಮತ್ತೆ ಇವನಿಗೆ ಕೊಟ್ಟಿತು. ಹೀಗೆ ಇಪ್ಪತ್ತು ಸಲವಾದರೂ ಆ ಕಲ್ಲು ಹೋಗಿ ಬಂದಿತು. ಕಡೆಗೊಮ್ಮೆ ಅದು ಮಗುವಿನ ಬಾಯಿಯ ಕಡೆಗೆ ಏರಿತು.

“ಬಾಯಿಗೆ ಹಾಕ್ಕೊಂಡಾಳು, ನೋಡ್ಕೋ” ಎಂದನು ದೊಡ್ಡ ತಮ್ಮ.

“ನೋಡ್ತಿದ್ದೀನಣ್ಣ” ಎಂದನು ಚಿಕ್ಕವನು, ಕೈ ಹಿಡಿದು ಕಲ್ಲನ್ನು ಬಿಡಿಸುತ್ತ.

ಇಷ್ಟೇ ನಡೆದದ್ದು. ಕ್ಷಮೆಯಿಲ್ಲ, ಕಣ್ಣೀರಿಲ್ಲ, ಹಂಡೆಯ ಪ್ರಸ್ತಾಪವೂ ಇಲ್ಲ. ಮೆಟ್ಟಿಲ ಮೇಲೆ ಕುಳಿತಿದ್ದ ಅಕ್ಕನವರು ನಮ್ಮ ಕಡೆಗೆ ನೋಡಿ, ಸೆರಗಿನಿಂದ ಮುಖವನ್ನು ಒರಸಿಕೊಂಡರು. ಸಂಜೆಯ ಬುತ್ತಿಯನ್ನು ಬಿಚ್ಚಿದಾಗ ಹದಿಮೂರು ಮಂದಿಯೂ ಒಂದೇ ಸಾಲಿನಲ್ಲಿ ಕುಳಿತೆವು. ಮಾತು ಹೆಚ್ಚಾಗಿರಲಿಲ್ಲ, ಮೊಸರನ್ನ ಮಾತ್ರ ಒಬ್ಬರ ಕೈಯಿಂದ ಒಬ್ಬರ ಕೈಗೆ ಸಾಗಿತು.

ಮೊದಲು ಹೇಳಿದ ಪಾಣಿನಿಯ ಸೂತ್ರಕ್ಕೆ ಇನ್ನೊಂದು ಉದಾಹರಣೆಯುಂಟು. ‘ಸಮ್’ ಎಂಬ ಉಪಸರ್ಗದ ಮುಂದೆ ಅದೇ ‘ಅಪ್’ ಶಬ್ದವು ಬಂದರೆ ‘ಸಮೀಪ’ವೆಂದಾಗುವುದು, ನೀರುಗಳು ಒಂದುಗೂಡಿದ ಎಡೆ ಎಂದು ಅದರ ಮೂಲಾರ್ಥ. ಹತ್ತಿರವೆಂಬ ಅರ್ಥವು ಆಮೇಲೆ ಬಂದದ್ದು. ದ್ವೀಪವೂ ಸಮೀಪವೂ ಒಂದೇ ಸೂತ್ರದ ಮಕ್ಕಳೆಂಬುದನ್ನು ಮೂವತ್ತೆರಡು ವರ್ಷ ತರಗತಿಯಲ್ಲಿ ಹೇಳಿದ್ದೆವು. ಆ ಸೂತ್ರಕ್ಕೆ ಇಂತಹ ಭಾಷ್ಯವನ್ನು ಮೊಮ್ಮಗಳೊಬ್ಬಳು ಬರೆಯುವಳೆಂದು ಎಣಿಸಿರಲಿಲ್ಲ.

ಇಷ್ಟು ಎಳೆಯ ಮಗುವನ್ನು ಬಿಸಿಲಿನಲ್ಲಿ ಹೊತ್ತುಕೊಂಡು ಹೋಗುವುದೇಕೆ, ಅದಕ್ಕೆ ಏನು ನೆನಪಿರುವುದು ಎಂದು ಕೇಳುವವರುಂಟು. ನಿಜ, ಅದಕ್ಕೆ ಏನೂ ನೆನಪಿರದು. ಆದರೆ ಮಗುವು ಜೊತೆಯಲ್ಲಿದ್ದರೆ ದೊಡ್ಡವರು ನಿಧಾನವಾಗಿ ನಡೆಯುವರು, ನೋಡುವ ಸ್ಥಳಗಳನ್ನು ಕಡಿಮೆ ಮಾಡುವರು, ಮಧ್ಯಾಹ್ನ ಒಂದೆಡೆ ಕೂರುವರು, ಮತ್ತೊಬ್ಬರ ಕೈಯ ಸಹಾಯವನ್ನು ಬೇಡುವರು. ಮುನಿಸು ಬೆಳೆಯುವುದಕ್ಕೆ ಬೇಕಾದ ದೂರವೂ ಅವಸರವೂ ಆಗ ದೊರೆಯುವುದಿಲ್ಲ. ವರ್ಷಕ್ಕೊಮ್ಮೆಯಾದರೂ, ಹತ್ತಿರದ ಹೊಳೆಯ ದಡಕ್ಕಾದರೂ, ಮನೆಯ ಹಿರಿಯರು ಎಲ್ಲರನ್ನೂ ಕರೆದೊಯ್ಯಲಿ. ಹಿರಿಯರು ರಾಜಿಯ ಮಾತನ್ನು ತಾವಾಗಿ ಎತ್ತದಿದ್ದರೆ ಇನ್ನೂ ಒಳ್ಳೆಯದು.

ಹಂಡೆಯು ಈಗಲೂ ಬೆಂಗಳೂರಿನಲ್ಲಿದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಬರಬೇಕೆಂದು ದೊಡ್ಡ ತಮ್ಮನು ಚಿಕ್ಕವನಿಗೆ ಹೇಳಿರುವನು. ಈ ಸಲ ನಮ್ಮ ಮೂಲಕವಲ್ಲ, ತಾನೇ. ಅವನು ಹೋಗುವನೋ ಇಲ್ಲವೋ ಹೇಳಲಾರೆವು. ಅಕ್ಕನವರು ಮಾತ್ರ ಹಂಡೆಯನ್ನು ಬೆಳಗುವುದಕ್ಕೆಂದು ಹಳೆಯ ಹುಣಿಸೆಹಣ್ಣನ್ನು ಒಂದು ಡಬ್ಬಿಯಲ್ಲಿ ಈಗಿನಿಂದಲೇ ತೆಗೆದಿರಿಸಿದ್ದಾರೆ.